ಹತ್ತೂಕಾಲು ಗಂಟೆಯ ಮುದ್ರೆ

ನಾಗಾಯಾ ಫುಮಿಯೆ ಬರೆದ ತಪ್ಪೊಪ್ಪಿಗೆ ಪತ್ರ ಮೂರನೇ ಸಲ ವಾಪಸ್ ಬಂತು. ಮೊದಲ ಸಲ ಉದ್ದವಾಯಿತೆಂದು, ಎರಡನೇ ಸಲ ಇನ್ನೂ ಉದ್ದವಾಯಿತೆಂದು. ಮೂರನೇ ಸಲ ಕುರೊಯಿವಾ ಒಂದು ಪ್ಯಾರಾದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಮೇಜಿನ ಮೇಲೆ ಅವಳ ಕಡೆ ಸರಿಸಿದರು. ಅವರು ಊರಿನ ಶಾಲೆಗಳಿಗೆಲ್ಲ ಊಟ ಕಳಿಸುವ ಅಡುಗೆಮನೆಗೆ ಮುಖ್ಯಸ್ಥರು. ದನಿ ಏರಿಸುವವರಲ್ಲ. ಏರಿಸುವವರಾಗಿದ್ದರೆ ಫುಮಿಯೆಗೆ ಎಷ್ಟೋ ಸುಲಭವಾಗುತ್ತಿತ್ತು.

“ಇದನ್ನ ತೆಗೆದುಬಿಡಿ, ನಾಗಾಯಾ-ಸಾನ್. ಓದೋರಿಗೆ ನೆಪ ಹೇಳಿದ ಹಾಗೆ ಕೇಳ್ಸುತ್ತೆ.”

“ನೆಪ ಅಲ್ಲ, ಮುಖ್ಯಸ್ಥರೇ. ಹೇಗಾಯ್ತು ಅಂತ ಬರೆದಿದ್ದೀನಿ.”

“ಹೇಗಾಯ್ತು ಅಂತ ಯಾರು ಕೇಳಿದ್ರು? ‘ನನ್ನ ಗಮನದ ಕೊರತೆಯಿಂದ ಆಯಿತು.’ ಒಂದು ಸಾಲು. ‘ಇನ್ನು ಮುಂದೆ ಹೆಚ್ಚು ಎಚ್ಚರದಿಂದ ಇರುತ್ತೇನೆ.’ ಇನ್ನೊಂದು ಸಾಲು. ಮುಗೀತು. ನೀವೂ ಹಗುರ, ನಾನೂ ಹಗುರ.”

ಆಗಿದ್ದು ಇಷ್ಟು. ಮಂಗಳವಾರ ಊಟಕ್ಕೆ ಕೋಳಿಮಾಂಸದ ಉಂಡೆಯ ಸಾರು. ಉಂಡೆಗೆ ಮೊಟ್ಟೆ ಹಾಕುತ್ತಾರೆ. ಗುಡ್ಡದಾಚೆಯ ಶಾಲೆಯಲ್ಲಿ ಎರಡನೇ ತರಗತಿಯ ಚಿಹಾನಾ ಎಂಬ ಹುಡುಗಿಗೆ ಮೊಟ್ಟೆ ಆಗುವುದಿಲ್ಲ. ಅವಳಿಗಾಗಿ ಮೊಟ್ಟೆಯಿಲ್ಲದ ನಾಲ್ಕು ಉಂಡೆ ಬೇರೆ ಮಾಡಿ, ಹಳದಿ ಮುಚ್ಚಳದ ಬಟ್ಟಲಿನಲ್ಲಿ ಕಳಿಸಬೇಕು. ಅವತ್ತು ಹಳದಿ ಮುಚ್ಚಳವೇನೋ ಸರಿಯಾಗಿಯೇ ಹೋಯಿತು. ಅದರ ಕೆಳಗೆ ಇದ್ದದ್ದು ಎಲ್ಲ ಮಕ್ಕಳ ಉಂಡೆ. ಎರಡನೇ ತುತ್ತಿಗೆ ಮಗುವಿನ ತುಟಿ ಊದಿತು, ಉಸಿರು ಕಟ್ಟಿತು. ತರಗತಿಯ ಮೇಷ್ಟ್ರು ಮಗುವಿನ ಚೀಲದಲ್ಲೇ ಇರುತ್ತಿದ್ದ ತುರ್ತು ಇಂಜೆಕ್ಷನ್ ತೊಡೆಗೆ ಚುಚ್ಚಿದ್ದರಿಂದ ಆಂಬುಲೆನ್ಸ್ ಬರುವತನಕ ಜೀವ ಉಳಿಯಿತು. ಗುರುವಾರ ಆಸ್ಪತ್ರೆಯಿಂದ ಮನೆಗೆ ಬಂದಳು. ಸೋಮವಾರದಿಂದ ಮತ್ತೆ ಶಾಲೆ, ಮತ್ತೆ ಹಳದಿ ಮುಚ್ಚಳ.

ಆ ಬಟ್ಟಲಿಗೆ ಉಂಡೆ ಹಾಕಿದ ಕೈ ಫುಮಿಯೆಯದು. ಅದನ್ನು ಅವಳು ಒಂದು ಗಳಿಗೆಯೂ ಅಲ್ಲಗಳೆದಿರಲಿಲ್ಲ. ಮಂಗಳವಾರದಿಂದ ಆ ಬಲಗೈಯನ್ನು ಕಂಡರೆ ಅವಳಿಗೇ ಅಸಹ್ಯ.

“ಮಾದರಿ ಬೇಕಿದ್ರೆ ಹಳೇ ಫೈಲು ನೋಡಿ,” ಎಂದು ಕುರೊಯಿವಾ ಕಪಾಟು ತೋರಿಸಿದರು. ಸಹಾಯ ಮಾಡುತ್ತಿದ್ದೇನೆಂದೇ ಅವರ ನಂಬಿಕೆ.

ಫುಮಿಯೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಫೈಲು ಬಿಡಿಸಿದಳು. ಇಪ್ಪತ್ತೆರಡು ವರ್ಷದ ತಪ್ಪೊಪ್ಪಿಗೆಗಳು. ಸಾರಿನಲ್ಲಿ ಯಂತ್ರದ ಬೋಲ್ಟ್ ಸಿಕ್ಕಿದ್ದು. ಕ್ಯಾರೆಟ್ ಹೆಚ್ಚುವ ಯಂತ್ರಕ್ಕೆ ಒಬ್ಬಳ ಬೆರಳ ತುದಿ ಹೋಗಿದ್ದು. ಅನ್ನ ಅರ್ಧ ಬೆಂದದ್ದು. ಯಾವ ಪುಟ ತೆಗೆದರೂ ಕಾರಣ ಒಂದೇ, ಗಮನದ ಕೊರತೆ. ಬೆರಳು ಕಳೆದುಕೊಂಡವಳೂ ಎಡಗೈಯಲ್ಲಿ ಅಂಕುಡೊಂಕಾಗಿ ಅದನ್ನೇ ಬರೆದಿದ್ದಳು. ಅದೇ ಯಂತ್ರಕ್ಕೆ ನಾಲ್ಕು ವರ್ಷದ ನಂತರ ಇನ್ನೊಬ್ಬಳು ಬೆರಳು ಕೊಟ್ಟಿದ್ದಳು. ಅವಳಿಗೂ ಗಮನದ ಕೊರತೆ! ಒಂದು ಅಡುಗೆಮನೆಗೆ ಬಂದವರಿಗೆಲ್ಲ ಇಪ್ಪತ್ತೆರಡು ವರ್ಷ ಒಂದೇ ಕಾಯಿಲೆ ಹೇಗೆ ಅಂಟಿಕೊಂಡಿತು ಎಂದು ಫುಮಿಯೆಗೆ ಮೊದಲು ನಗು ಬಂತು. ಆಮೇಲೆ ಬೆರಳು ಹೋದ ಎರಡೂ ಪುಟಗಳನ್ನು ಮತ್ತೊಮ್ಮೆ ಓದಿದಳು.

ಅವಳು ಪೆನ್ನು ಕೆಳಗಿಟ್ಟು ಮೊದಲ ಬಾರಿಗೆ ನಿಜವಾಗಿ ಯೋಚಿಸಿದಳು. ಅವತ್ತು ನಾನು ಇನ್ನೂ ಹೆಚ್ಚು ಎಚ್ಚರವಾಗಿದ್ದಿದ್ದರೆ ಏನು ಮಾಡುತ್ತಿದ್ದೆ? ಒಂದು ಹಬೆಪಾತ್ರೆ ಕೆಟ್ಟಿದ್ದರಿಂದ ಎರಡೂ ಬಗೆಯ ಉಂಡೆ ಒಂದೇ ಪಾತ್ರೆಯಲ್ಲಿ ಬೆಂದಿದ್ದವು. ನೋಡಲು ಎರಡೂ ಒಂದೇ. ಕೈ ತಪ್ಪಿತು. ಸರಿ, ಕೈ ತಪ್ಪುತ್ತದೆಂದೇ ಅಲ್ಲವೇ ಇನ್ನೊಬ್ಬರು ಬಂದು ನೋಡಬೇಕೆಂದು ನಿಯಮ ಮಾಡಿರುವುದು? ಹಳದಿ ಮುಚ್ಚಳ ಹಾಕುವ ಮೊದಲು ಇಬ್ಬರು ನೋಡಿ, ತಪಾಸಣಾ ಪಟ್ಟಿಯಲ್ಲಿ ಇಬ್ಬರೂ ತಮ್ಮ ಹೆಸರಿನ ಮುದ್ರೆ ಒತ್ತಬೇಕು. ಮಂಗಳವಾರದ ಪಟ್ಟಿಯಲ್ಲಿ ಎರಡೂ ಮುದ್ರೆ ಇದ್ದವು. ಕೆಂಪಗೆ, ನೆಟ್ಟಗೆ.

ಎರಡು ಮುದ್ರೆ ಇದ್ದೂ ಯಾರೂ ಏಕೆ ನೋಡಲಿಲ್ಲ?

ಉತ್ತರ ಅವಳಿಗೆ ಗೊತ್ತಿತ್ತು. ಅಲ್ಲಿ ಕೆಲಸ ಮಾಡುವ ಹದಿನಾಲ್ಕು ಜನಕ್ಕೂ ಗೊತ್ತಿತ್ತು. ಗೊತ್ತಿದ್ದೂ ಅದೊಂದು ವಿಷಯವೆಂದು ಯಾರಿಗೂ ಅನಿಸಿರಲಿಲ್ಲ. ಮಕ್ಕಳು ಉಣ್ಣುವ ಮೊದಲು ಹೆಡ್‌ಮಾಸ್ಟರು ಉಂಡು ನೋಡಬೇಕು. ಅವರ ತಟ್ಟೆಯ ಜೊತೆಯಲ್ಲೇ ತಪಾಸಣಾ ಪಟ್ಟಿಯೂ ಅವರ ಮೇಜಿಗೆ ಹೋಗಬೇಕು. ಅವನ್ನು ಒಯ್ಯುವ ಗಾಡಿ ಹೊರಡುವುದು ಹತ್ತೂವರೆಗೆ. ಹಾಗಾಗಿ ಹತ್ತೂಕಾಲಿಗೆ ಎಲ್ಲರೂ ಸಾಲಾಗಿ ಬಂದು ಟಪಟಪನೆ ಮುದ್ರೆ ಒತ್ತುತ್ತಾರೆ. ಹಳದಿ ಮುಚ್ಚಳದ ಬಟ್ಟಲು ತುಂಬುವುದು ಹನ್ನೊಂದಕ್ಕೆ. ಆ ಹೊತ್ತಿಗೆ ಪಟ್ಟಿ ಗುಡ್ಡ ದಾಟಿರುತ್ತದೆ. ಮುದ್ರೆ ಆಗಿಹೋಗಿದೆ, ಇನ್ನೇನು ನೋಡುವುದು?

ಹನ್ನೊಂದು ವರ್ಷ ಫುಮಿಯೆ ಖಾಲಿ ಬಟ್ಟಲಿಗೆ ಮುದ್ರೆ ಒತ್ತಿದ್ದಳು. ಅದು ಸುಳ್ಳೆಂದು ಒಂದು ದಿನವೂ ಹೊಳೆದಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇಷ್ಟು ಸರಳ ಲೆಕ್ಕ ಮಾಡಲು ಒಂದು ಮಗುವಿನ ಉಸಿರು ಕಟ್ಟಬೇಕಾಯಿತೇ?

ಕುರೊಯಿವಾ ಗೆರೆ ಎಳೆದಿದ್ದ ಹಬೆಪಾತ್ರೆಯ ಪ್ಯಾರಾದ ಕೆಳಗೆ ಅವಳು ಇದನ್ನೂ ಬರೆದಳು.

ಗೆರೆಗಿಂತ ದೊಡ್ಡ ತೊಡಕು ಬೇರೆ ಇತ್ತು. ಮಂಗಳವಾರದ ಎರಡನೇ ಮುದ್ರೆ ತೊಕಿತಾ-ಸಾನ್‌ರದು. ಗಂಡ ಸತ್ತ ವರ್ಷ ಫುಮಿಯೆಯನ್ನು ಈ ಕೆಲಸಕ್ಕೆ ಸೇರಿಸಿದವರು, ಬೂಟು ತೊಳೆಯುವುದರಿಂದ ಹಿಡಿದು ಎಲ್ಲ ಕಲಿಸಿದವರು. ಮೂವತ್ತಮೂರು ವರ್ಷದ ಚಾಕರಿಯಲ್ಲಿ ಒಂದು ತಪ್ಪೊಪ್ಪಿಗೆಯನ್ನೂ ಬರೆದವರಲ್ಲ. ಮಾರ್ಚಿನಲ್ಲಿ ನಿವೃತ್ತಿ, ಮೇಯರ್ ಕೈಯಿಂದ ಸನ್ಮಾನ ಪತ್ರ.

ಅವರೇ ಒಳಗೆ ಬಂದರು. ತಲೆಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚುತ್ತಾ ಫುಮಿಯೆಯ ಎದುರು ಕೂತರು.

“ಇನ್ನೂ ಬರೀತಾ ಇದ್ದೀಯಾ? ಏನೇ ಅದು, ಕಾದಂಬರೀನಾ?”

“ಮುದ್ರೆ ವಿಷಯ ಬರೆದೆ, ತೊಕಿತಾ-ಸಾನ್.”

ತೊಕಿತಾ ಬಟ್ಟೆ ಮಡಿಸಿದರು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು. “ನೋಡು ಫುಮಿಯೆ. ನಾನು ನಿನ್ನನ್ನ ತಡೀತಾ ಇಲ್ಲ. ಆದ್ರೆ ನೀನು ಅದನ್ನ ಹೇಳಿದ್ರೆ, ಮಗೂಗೆ ಹಾಗೆ ಮಾಡಿಟ್ಟು ಈಗ ಎಲ್ಲರನ್ನೂ ಎಳೀತಾಳೆ ಅಂತಾರೆ. ಕೇಳೋರು ಯಾರೂ ಮುದ್ರೆ ಬಗ್ಗೆ ಯೋಚ್ನೆ ಮಾಡಲ್ಲ ಕಣೇ. ನಿನ್ನ ಬಗ್ಗೆ ಮಾಡ್ತಾರೆ.”

“ಹಾಗಾದ್ರೆ ಸೋಮವಾರ?”

“ಸೋಮವಾರ ನಾನು ಕಣ್ಣು ಬಿಟ್ಕೊಂಡು ನಿಂತಿರ್ತೀನಿ.”

“ಮಾರ್ಚ್ ಆದ್ಮೇಲೆ?”

ತೊಕಿತಾ ಎದ್ದು ಹೋದರು.

ಶುಕ್ರವಾರ ಬೆಳಗಿನ ಸಭೆಯಲ್ಲಿ ಕುರೊಯಿವಾ ಪರಿಹಾರ ಘೋಷಿಸಿದರು. ಹಳದಿ ಮುಚ್ಚಳದ ಬಟ್ಟಲಿಗೆ ಇನ್ನು ಮೇಲೆ ಎರಡಲ್ಲ, ಮೂರು ಮುದ್ರೆ. ಎಲ್ಲರೂ “ಆಗಲಿ” ಎಂದು ತಲೆ ಬಾಗಿಸಿದರು. ಹತ್ತೂಕಾಲಿಗೆ ಹೊಸ ಪಟ್ಟಿ ಬಂತು, ಮೂರನೇ ಚೌಕ ಇನ್ನೂ ಹೊಸ ಶಾಯಿಯ ವಾಸನೆ ಹೊಡೆಯುತ್ತಿತ್ತು. ಮೂವರು ಸಾಲಾಗಿ ನಿಂತು ಒತ್ತಿದರು. ಅವರಲ್ಲಿ ಫುಮಿಯೆಯೂ ಒಬ್ಬಳು. ಚಿಹಾನಾ ಮನೆಯಲ್ಲಿದ್ದರೂ ಹಾಲು ಆಗದ ಇನ್ನೊಂದು ಮಗುವಿಗೆ ಅವತ್ತು ಹಳದಿ ಮುಚ್ಚಳವಿತ್ತು. ಒತ್ತುವಾಗ ಆ ಬಟ್ಟಲು ಎಲ್ಲಿದೆ ಎಂದು ತಿರುಗಿ ನೋಡಿದಳು. ತೊಳೆದು ಬೋರಲು ಹಾಕಿದ್ದರು. “ಇನ್ನೂ ಬಟ್ಟಲೇ...” ಎಂದು ಬಾಯಿ ತೆರೆದಳು. ಹಿಂದೆ ನಿಂತಿದ್ದವಳು “ಗಾಡಿ ಹೊರಡುತ್ತೆ, ಬೇಗ” ಎಂದು ಮೆಲ್ಲಗೆ ಭುಜ ತಟ್ಟಿದಳು. ಒರಟಾಗಿ ಏನೂ ಅಲ್ಲ, ಸ್ನೇಹದಿಂದಲೇ ತಟ್ಟಿದ್ದು. ಅಲ್ಲಿ ಎಲ್ಲರೂ ಅವಳೊಡನೆ ಸ್ನೇಹದಿಂದಲೇ ಇದ್ದರು. ಬಾಗಿಲು ಹುಡುಕಿದಲ್ಲೆಲ್ಲ ಮೆತ್ತನೆಯ ಗೋಡೆ. ಮಧ್ಯಾಹ್ನ ಅವಳು ಎರಡು ಸಾಲಿನ ಪತ್ರ ಬರೆದು, ಅದಕ್ಕೂ ಮುದ್ರೆ ಒತ್ತಿ ಕೊಟ್ಟುಬಿಟ್ಟಳು. ಕುರೊಯಿವಾ ಓದಿ, “ಬಹಳ ಪ್ರಾಮಾಣಿಕವಾಗಿದೆ” ಎಂದರು.

ಸಂಜೆ ನಾಲ್ಕಕ್ಕೆ ಮಗುವಿನ ಮನೆಗೆ ಹೋಗಿ ಕ್ಷಮೆ ಕೇಳುವ ಕಾರ್ಯಕ್ರಮ. ಕುರೊಯಿವಾ, ತೊಕಿತಾ, ಫುಮಿಯೆ, ಮೂವರೂ ಕಪ್ಪು ಬಟ್ಟೆ. ಕುರೊಯಿವಾ ಕೈಯಲ್ಲಿ ಮಿಠಾಯಿ ಪೆಟ್ಟಿಗೆ. ಮೊಟ್ಟೆಯಿಲ್ಲದ್ದೆಂದು ಅಂಗಡಿಯವನ ಹತ್ತಿರ ಎರಡು ಸಲ ಕೇಳಿ ತಂದಿದ್ದರು.

“ನಾನು ಮಾತಾಡ್ತೀನಿ,” ಎಂದರು ಕಾರಿನಲ್ಲಿ. “ನೀವಿಬ್ಬರೂ ನನ್ನ ಜೊತೆ ಬಾಗಿ. ನಾನು ಏಳೋವರೆಗೂ ಏಳ್ಬೇಡಿ.”

ಮನೆ ಚಿಕ್ಕದು. ತಾಯಿ ಕಾನಾಯೆ ಒಣಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಮೂವತ್ತು ದಾಟಿಲ್ಲ. ಬಾಗಿಲು ತೆರೆದಳು, ಒಳಗೆ ಕರೆದಳು, ಚಹಾ ಕೊಡಲಿಲ್ಲ. ಮೂವರೂ ಚಾಪೆಯ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿದರು. ಕುರೊಯಿವಾ ತಮ್ಮ ಮೃದು ದನಿಯಲ್ಲಿ ಎಲ್ಲ ಹೇಳಿದರು. ಸಿಬ್ಬಂದಿಯ ಗಮನದ ಕೊರತೆ, ಹೇಳಲು ಮುಖವಿಲ್ಲ, ಇನ್ನು ಮೂರು ಮುದ್ರೆ, ಇನ್ನು ಹೆಚ್ಚು ಎಚ್ಚರ.

“ಯಾಕಾಯ್ತು?” ಎಂದಳು ಕಾನಾಯೆ.

“ನಮ್ಮ ಗಮನದ ಕೊರತೆ, ಅಮ್ಮ. ಬೇರೆ ಕಾರಣ ಹೇಳೋ ಹಕ್ಕು ನಮಗಿಲ್ಲ.”

“ಹಕ್ಕು ಕೇಳ್ಲಿಲ್ಲ ನಾನು. ಯಾಕಾಯ್ತು ಅಂತ ಕೇಳ್ದೆ.”

“ದಯವಿಟ್ಟು ಕ್ಷಮಿಸಿ.” ಕುರೊಯಿವಾ ಮತ್ತೆ ಬಾಗಿದರು. ತೊಕಿತಾ ಬಾಗಿದರು. ಫುಮಿಯೆಯೂ ಬಾಗಿದಳು. ಮೂಗಿನ ತುದಿಗೆ ಚಾಪೆ ತಾಗುತ್ತಿತ್ತು. ಹೀಗೆ ಬಾಗಿರುವಷ್ಟು ಹೊತ್ತು ಯಾರೂ ಏನನ್ನೂ ಕೇಳುವಂತಿಲ್ಲ. ಬಾಗಿದವರ ಬೆನ್ನಿಗೆ ಯಾರು ಪ್ರಶ್ನೆ ಹಾಕುತ್ತಾರೆ?

ಆದರೆ ಈ ಹೆಂಗಸು ಹಾಕಿದಳು.

“ನೀವೆಲ್ಲ ಬಾಗ್ಬಿಟ್ರೆ ನಾನು ಯಾರ ಮುಖ ನೋಡಿ ಮಾತಾಡ್ಲಿ?” ದನಿ ಒಡೆಯಿತು. “ಸೋಮವಾರ ಅವಳು ಮತ್ತೆ ನಿಮ್ಮ ಬಟ್ಟಲಲ್ಲಿ ಊಟ ಮಾಡ್ಬೇಕು. ನಂಗೆ ಕೆಲಸ ಬೆಳಿಗ್ಗೆ ಐದು ಗಂಟೆಗೆ ಶುರು, ಡಬ್ಬಿ ಕಟ್ಟೋಕೆ ಯಾರೂ ಇಲ್ಲ. ತಿನ್ನು ಅಂತ ನಾನು ಅವಳಿಗೆ ಹೇಗೆ ಹೇಳ್ಲಿ? ಎಚ್ಚರವಾಗಿರ್ತೀವಿ ಅಂತೀರಿ. ಮೊದ್ಲು ಎಚ್ಚರವಾಗಿ ಇರ್ಲಿಲ್ವಾ?”

ಫುಮಿಯೆ ತಲೆ ಎತ್ತಿದಳು. ಕುರೊಯಿವಾ ಇನ್ನೂ ಎದ್ದಿರಲಿಲ್ಲ.

“ಉಂಡೆ ಹಾಕಿದ ಕೈ ನಂದು,” ಎಂದಳು. “ಎರಡೂ ಒಂದೇ ಪಾತ್ರೇಲಿ ಬೆಂದಿದ್ವು, ತಪ್ಪಾಗಿ ತೆಗೆದೆ. ಅದು ಮೊದಲ್ನೇದು.”

“ನಾಗಾಯಾ-ಸಾನ್,” ಎಂದು ಕುರೊಯಿವಾ ನೆಲದ ಕಡೆಯಿಂದಲೇ ಹೇಳಿದರು. “ನೆಪ ಬೇಡ.”

ಆ ಮಾತು ಕೇಳಿದ ಕೂಡಲೇ ಎಂದಿನಂತೆ ಅವಳ ಬಾಯಲ್ಲಿ ಸಿದ್ಧವಾಗಿ ಬಂದು ನಿಂತದ್ದು ಅದೇ ಎರಡು ಸಾಲು. ಅದನ್ನು ಹೇಳಿದರೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಅವಳು ಎದುರಿನ ಹೆಂಗಸಿನ ಮೀನಿನ ಉಪ್ಪಿಗೆ ಬಿರಿದ ಬೆರಳುಗಳನ್ನೇ ನೋಡಿದಳು. ಎರಡು ಸಾಲನ್ನು ಕಷ್ಟಪಟ್ಟು ನುಂಗಿದಳು.

“ಎರಡನೇದು. ಇನ್ನೊಬ್ಬರು ನೋಡ್ಬೇಕಿತ್ತು, ಯಾರೂ ನೋಡ್ಲಿಲ್ಲ. ಯಾಕಂದ್ರೆ ನೋಡಿದೀವಿ ಅಂತ ಹತ್ತೂಕಾಲಿಗೇ ಮುದ್ರೆ ಒತ್ತಿ ಕಳಿಸಿಬಿಡ್ತೀವಿ. ನಿಮ್ಮ ಮಗಳ ಬಟ್ಟಲು ತುಂಬೋದು ಹನ್ನೊಂದಕ್ಕೆ. ಮೂರಲ್ಲ, ಮೂವತ್ತು ಮುದ್ರೆ ಒತ್ತಿದ್ರೂ ಅಷ್ಟೆ. ಇವತ್ತೂ ಹಾಗೇ ಒತ್ತಿದೀವಿ. ನಾನೂ ಒತ್ತಿದೀನಿ.”

ಕಾನಾಯೆ ಅರ್ಥವಾಗದವಳಂತೆ ನೋಡಿದಳು. ಬೆರಳು ಮಡಿಸಿ ಗಂಟೆ ಎಣಿಸಿದಳು. ಕುರೊಯಿವಾ ಈಗ ಎದ್ದು ಕೂತು, “ಇವರಿಗೆ ಮೂರು ದಿನದಿಂದ ಮನಸ್ಸು ಸರಿಯಿಲ್ಲ, ಅಮ್ಮ” ಎಂದರು, ಅಷ್ಟೇ ಮೃದುವಾಗಿ.

ಕಾನಾಯೆ ತೊಕಿತಾ ಕಡೆ ತಿರುಗಿದಳು. “ಇವರು ಹೇಳೋದು ನಿಜಾನಾ, ಅಜ್ಜಿ?”

ತೊಕಿತಾ ಇನ್ನೂ ಬಾಗಿಯೇ ಇದ್ದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಫುಮಿಯೆ ಆ ಬೆನ್ನನ್ನೇ ನೋಡುತ್ತಾ ಕೂತಳು. ಇಲ್ಲ ಎಂದರೆ ತಾನು ಹುಚ್ಚಿ, ಸೋಮವಾರ ಮತ್ತೆ ಹತ್ತೂಕಾಲು. ಹೌದು ಎಂದರೆ ಮೂವತ್ತಮೂರು ವರ್ಷ ಮಣ್ಣುಪಾಲು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳುವುದೆಂದು ಅವಳಿಗೇ ತಿಳಿಯಲಿಲ್ಲ.

ತೊಕಿತಾ ಎದ್ದು ಕೂತರು. ಹಣೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

“ನಿಜ. ಇವಳಿಗೆ ಹಾಗೆ ಒತ್ತೋದು ಕಲಿಸಿದ್ದೇ ನಾನು. ನನಗೆ ಇನ್ಯಾರೋ ಕಲಿಸಿದ್ರು.”

ಕುರೊಯಿವಾ ಕಣ್ಣು ಮುಚ್ಚಿಕೊಂಡರು.

“ಅವಳು ಒಂದನೇ ಕ್ಲಾಸಿಂದ ನಿಮ್ಮ ಊಟ ತಿಂತಾ ಇದ್ದಾಳೆ,” ಎಂದಳು ಕಾನಾಯೆ ನಿಧಾನವಾಗಿ. “ಎರಡು ವರ್ಷ. ಹಾಗಾದ್ರೆ ಎರಡು ವರ್ಷ ಅವಳು ಬದುಕಿದ್ದು ಯಾರು ನೋಡ್ಕೊಂಡಿದ್ದಕ್ಕೆ?”

“ಯಾರೂ ನೋಡ್ಕೊಂಡಿರ್ಲಿಲ್ಲ,” ಎಂದಳು ಫುಮಿಯೆ. “ಅದೃಷ್ಟ, ಅಷ್ಟೆ.”

ಹೇಳಿದ ಮೇಲೆ ಅವಳಿಗೆ ಹಗುರವೇನೂ ಆಗಲಿಲ್ಲ. ಕಾನಾಯೆಯ ಮುಖ ಬಿಳಿಚಿ, ಕೆಂಪಾಗಿ, ಕಣ್ಣು ತುಂಬಿತು. ಹೊಡೆಯುತ್ತಾಳೆ ಎಂದು ಫುಮಿಯೆ ಅಂದುಕೊಂಡಳು. ಹೊಡೆಸಿಕೊಳ್ಳಲು ಸಿದ್ಧಳಾದಳು. ಮತ್ತೆ ಬಾಗೋಣವೆಂದು ಎರಡೂ ಕೈ ಚಾಪೆಗೆ ಊರಿದಳು.

“ಬಾಗ್ಬೇಡಿ!” ಎಂದು ಕಾನಾಯೆ ಅರಚಿದಳು. ಮಿಠಾಯಿ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ, ಮಗಳ ಶಾಲೆಯ ಚೀಲದಿಂದ ಒಂದು ನೋಟುಪುಸ್ತಕ ಎಳೆದು, ಖಾಲಿ ಹಾಳೆ ತೆರೆದು, ಕಣ್ಣೊರೆಸಿಕೊಳ್ಳದೆಯೇ ಪೆನ್ಸಿಲ್ ಹಿಡಿದು ಕೂತಳು. “ನಿಮ್ಮನ್ನ ಕ್ಷಮಿಸೋದು ಬಿಡೋದು ಆಮೇಲೆ. ಬೆಳಿಗ್ಗೆ ಅಡುಗೆಮನೆ ಬಾಗಿಲು ತೆಗೆಯೋದ್ರಿಂದ ಹೇಳಿ. ಮೊದಲು ಯಾರು ಬರ್ತಾರೆ?”