ಸ್ಪಿರಿಟ್ಟಿನ ಸಾಲು

ಅಕ್ಕನ ಮಗ ಕ್ಯಾನ್ಸರಿಗೆ ಮದ್ದು ಕಂಡುಹಿಡಿದ ಸುದ್ದಿಯನ್ನು ನಮಗೆ ಹೇಳಿದವನು ಅವನೇ. ಬೀದಿಗೆಲ್ಲ ಸಾರಿದವನೂ ಅವನೇ. ಪ್ರಯೋಗಾಲಯದವರು ಕೊಟ್ಟ ಬಿಳಿ ಕೋಟಿನ ಗಂಜಿ ಇನ್ನೂ ಹೋಗಿರಲಿಲ್ಲ, ಆಗಲೇ ನಡಿಗೆ ಬದಲಾಗಿತ್ತು. ನಮ್ಮಮ್ಮ ಗಾಯಕ್ಕೆ ಅರೆದು ಹಚ್ಚುತ್ತಿದ್ದ ಕಹಿ ಬಳ್ಳಿಯ ಎಲೆಯನ್ನು ಒಣಗಿಸಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಆ ಸಾರವನ್ನು ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಹಾಕಿದ್ದನಂತೆ. ಕೋಶಗಳು ಸತ್ತವು. ಇವನು ಕುಣಿದ.

ಕುಣಿಯಲಿ, ಬೇಡ ಎಂದವರು ಯಾರು? ಆದರೆ ಅಕ್ಕನ ಎದೆಯಲ್ಲೇ ಗಡ್ಡೆ ಇತ್ತು. ಕೀಮೋ ಡ್ರಿಪ್ ಹಾಕಿಸಿಕೊಂಡು ಕೂದಲು ಉದುರಿ, ನೀರು ಕುಡಿದರೂ ವಾಂತಿಯಾಗಿ ಅವಳು ಬೇಸತ್ತಿದ್ದಳು. ಮಗನ ಮಾತು ಕಿವಿಗೆ ಬಿದ್ದದ್ದೇ ತಡ, ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

“ಮನೇಲೇ ಮದ್ದಿರುವಾಗ ಅಲ್ಲಿಗ್ಯಾಕೆ ಹೋಗಿ ಸಾಯ್ಲಿ?”

ಮಗ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ಎಲೆ ಕುದಿಸಿ ಲೋಟ ಕೈಗಿಟ್ಟ. ಅಷ್ಟು ಜಾಣ.

ನಾನು ತಡೆಯಲಾರದೆ, “ಆ ಪವಾಡ ನನಗೂ ತೋರಿಸಪ್ಪ” ಎಂದು ಅವನ ಬೆನ್ನು ಹತ್ತಿದೆ. ಪ್ರಯೋಗಾಲಯದಲ್ಲಿ ಗುಳಿಗುಳಿಯ ಪುಟ್ಟ ತಟ್ಟೆಯೊಂದನ್ನು ದೀಪಕ್ಕೆ ಹಿಡಿದು ಎದೆಯುಬ್ಬಿಸಿದ.

“ಬಣ್ಣ ನೇರಳೆಯಾದ್ರೆ ಕೋಶ ಬದುಕಿದೆ ಅಂತ, ಚಿಕ್ಕಮ್ಮ. ಹಳದಿಯಾಗೇ ಉಳಿದ್ರೆ ಸತ್ತಿದೆ ಅಂತ. ಏನೂ ಹಾಕದ ಸಾಲು ನೋಡಿ, ನೇರಳೆ. ನನ್ನ ಸಾರ ಹಾಕಿದ್ದೆಲ್ಲಾ ಹಳದಿ!”

ಪಕ್ಕದ ಮೇಜಿನ ಜೊತೆಗಾತಿ ಇಣುಕಿ ನೋಡಿದಳು.

“ಬರೀ ಸ್ಪಿರಿಟ್ ಹಾಕಿದ ಸಾಲು ಎಲ್ಲಿ?”

“ಅದಕ್ಕೆ ಜಾಗ ಇರ್ಲಿಲ್ಲ.”

“ಜಾಗ ಇರ್ಲಿಲ್ವೋ, ಮನಸ್ಸು ಇರ್ಲಿಲ್ವೋ?”

“ಅಲ್ಲೂ ಸಾರಾನೇ ಹಾಕಿದ್ರೆ ಫೋಟೊದಲ್ಲಿ ಹಳದಿ ತುಂಬಿ ಕಾಣುತ್ತೆ ಅಂತ…”

“ಎಲೆ ಕೊಂದಿದ್ದೋ ಸ್ಪಿರಿಟ್ ಕೊಂದಿದ್ದೋ, ಹೇಗೆ ಗೊತ್ತಾಯ್ತು ಮಹಾನುಭಾವ?”

ಅವನ ಮುಖ ಹುಳ್ಳಗಾಯಿತು. ಫೋಟೊಗೆ ಚೆನ್ನಾಗಿ ಕಾಣಲು ಅದೇನು ಮದುವೆ ಮನೆಯೇ?

ಮತ್ತೆ ಹೊಸ ತಟ್ಟೆ ಹೂಡಿದ. ಫಲಿತಾಂಶ ಬಂದ ಸಂಜೆ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಅಡುಗೆಮನೆಗೆ ಬಂದ.

“ಬರೀ ಸ್ಪಿರಿಟ್ ಸಾಲೂ ಹಳದಿ, ಚಿಕ್ಕಮ್ಮ. ಸ್ಪಿರಿಟ್ ಆವಿ ಮಾಡಿ ತೆಗೆದು ಎಲೆ ಸಾರ ಮಾತ್ರ ಹಾಕಿದ್ರೆ ಎಲ್ಲಾ ನೇರಳೆ. ಅಮ್ಮಂಗೆ ಹೇಳ್ಬೇಡಿ, ಧೈರ್ಯ ಕುಂದುತ್ತೆ.”

“ಯಾರ ಧೈರ್ಯ? ಅವಳದೋ, ನಿಂದೋ? ನೀನು ಹೇಳ್ತೀಯೋ, ನಾನೇ ಹೇಳ್ಲೋ?”

ಕಾಲಿನ ಹೆಬ್ಬೆರಳು ನೋಡಿಕೊಂಡೇ ತಾಯಿಗೆ ಹೇಳಿದ. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

“ಅಂದ್ರೆ ಇಷ್ಟು ದಿನ ನಾನು ಕುಡಿದದ್ದು ಬರೀ ಕಹಿ?”

“ಹೂಂ.”

“ಕೊಲ್ಲೋ ಸ್ಪಿರಿಟ್ಟೂ ಇದ್ರಲ್ಲಿ ಇರ್ಲಿಲ್ಲ?”

“ಇಲ್ಲ…”

“ಅದಾದ್ರೂ ಹಾಕಿದ್ರೆ ಒಂದಿಷ್ಟು ನಿದ್ದೆ ಬರ್ತಿತ್ತಲ್ಲೋ!” ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಎದ್ದು ಹೋಗಿ ಪಾತ್ರೆಯಲ್ಲಿದ್ದುದನ್ನೆಲ್ಲ ಬಚ್ಚಲಿಗೆ ಸುರಿದಳು. “ನಾಳೆ ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗು. ಡಾಕ್ಟ್ರು ಬೈಯೋವಾಗ ನೀನೇ ಮುಂದೆ ನಿಂತ್ಕೋ.”

ಡಾಕ್ಟರಮ್ಮ ಗಡ್ಡೆ ಒತ್ತಿ ನೋಡಿ ಮುಖ ಗಂಟಿಕ್ಕಿದರು. “ಬೆಳೆದಿದೆ. ಬಿಟ್ಟ ದಿನಗಳನ್ನ ವಾಪಸ್ ತರಕ್ಕಾಗಲ್ಲ. ಇವತ್ತೇ ಶುರು ಮಾಡೋಣ.” ಬೈಗುಳ ಮಗನ ಪಾಲಿಗೆ ಧಾರಾಳವಾಗಿ ಬಂತು.

ಅಕ್ಕನ ಕೈಗೆ ಸೂಜಿ ಚುಚ್ಚಿ ಕೂರಿಸಿದರು. ಪಕ್ಕದ ಕುರ್ಚಿಯಲ್ಲಿ ನಮ್ಮ ಬೀದಿಯ ದರ್ಜಿಯ ಹೆಂಡತಿ, ಅವಳಿಗೂ ಡ್ರಿಪ್.

“ಅಯ್ಯೋ, ನೀವ್ಯಾಕಕ್ಕ ಇಲ್ಲಿ? ನಿಮ್ಮ ಮಗನ ಬಳ್ಳಿ ನಂಬ್ಕೊಂಡು ನಾನೂ ಇದನ್ನ ಇವತ್ತಿಗೆ ಬಿಟ್ಬಿಡೋಣ ಅಂತಿದ್ದೆ.”

ನಮ್ಮ ವಿಜ್ಞಾನಿ ಕಿಟಕಿಯ ಕಡೆ ತಿರುಗಿದ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಗೋಡೆ ಅಷ್ಟೇ.

“ಹೇಳೋ” ಎಂದಳು ಅಕ್ಕ. “ಸಾರೋವಾಗ ದನಿ ಚೆನ್ನಾಗೇ ಇತ್ತಲ್ಲ.”

ಅವನು ಏನೋ ಗೊಣಗಿದ.

“ಕೇಳಿಸ್ಲಿಲ್ಲಪ್ಪ” ಎಂದಳು ದರ್ಜಿಯ ಹೆಂಡತಿ.

ಮತ್ತೆ ಹೇಳಬೇಕಾಯಿತು, ಎಲ್ಲ ಕುರ್ಚಿಗಳೂ ಈ ಕಡೆ ತಿರುಗುವಷ್ಟು ಗಟ್ಟಿಯಾಗಿ: “ಡ್ರಿಪ್ ಬಿಡ್ಬೇಡಿ. ನನ್ನ ಬಳ್ಳಿ ಏನನ್ನೂ ಕೊಂದಿಲ್ಲ.”