ಐದನೇ ಎಲೆ

ಆ ಬಟ್ಟೆ ನಾಲ್ಕು ದಿನ ನಮ್ಮ ಅಂಗಡಿಯ ದೊಡ್ಡ ಮೇಜಿನ ಮೇಲೆ ಕತ್ತರಿ ತಾಗದೆ ಕೂತಿತ್ತು. ಶಾಲೆಯ ಹೆಡ್ ಮೇಡಂ ತಂದುಕೊಟ್ಟಿದ್ದು. ಅವರ ಯಜಮಾನರು ತಮಗೊಂದು ಕೋಟು ಹೊಲಿಸಿಕೊಳ್ಳಬೇಕು ಅಂತ ಕೊಂಡಿಟ್ಟು, ಇವತ್ತು ನಾಳೆ ಅನ್ನುತ್ತಲೇ ತೀರಿಹೋಗಿದ್ದರು. ಈಗ ಮಗನ ಮದುವೆ. "ಅವರಂತೂ ಹಾಕ್ಕೊಳ್ಲಿಲ್ಲ, ಇವನಾದ್ರೂ ಹಾಕ್ಕೊಳ್ಲಿ" ಅಂದರು ಮೇಡಂ. ಮೇಜಿನ ಮೇಲಿಟ್ಟ ಮೇಲೂ ಬಟ್ಟೆಯಿಂದ ಕೈ ತೆಗೆಯಲಿಲ್ಲ. ನಾನು ಅಳೆದು ನೋಡಿದೆ. ಒಂದು ಕೋಟಿಗೆ ಸರಿಯಾಗಿ ಸಾಕು, ಗೇಣು ಬಟ್ಟೆ ಮಿಗುವುದಿಲ್ಲ. ಕತ್ತರಿ ತಪ್ಪಿದರೆ ಅಂಥದ್ದು ಇನ್ನೊಂದು ಎಲ್ಲೂ ಸಿಗುವುದಿಲ್ಲ. ಅಳತೆ ಪುಸ್ತಕದಲ್ಲಿ 'ಕಡು ನೀಲಿ ಉಣ್ಣೆ, ಸಾದಾ' ಅಂತ ಬರೆದೆ. ನನ್ನ ಮಗಳು ಬಂದು ಅದನ್ನು ಓದಿದಳು, ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು, ಪುಸ್ತಕ ಮುಚ್ಚಿದಳು.

"ಇದನ್ನ ನಾನು ಕತ್ತರಿಸ್ತೀನಿ ಅಪ್ಪ."

"ಯಾಕೆ? ನನ್ನ ಕೈಗೇನಾಗಿದೆ?"

"ಕೈಗೇನೂ ಆಗಿಲ್ಲ."

ಅಷ್ಟಕ್ಕೇ ಬಿಟ್ಟಳು. ನಾನೂ ಕೆದಕಲಿಲ್ಲ. ವರ್ಷದಿಂದ ನನ್ನ ಕಣ್ಣಿಗೆ ಯಾರೋ ತೆಳ್ಳಗೆ ಗಂಜಿ ಬಳಿದ ಹಾಗೆ ಇತ್ತು. ಯಾವ ಗೂಟದಲ್ಲಿ ಯಾವ ದಾರದ ಉಂಡೆ ಅಂತ ನೆನಪಿಟ್ಟುಕೊಂಡಿದ್ದೆ, ಎಡಗಡೆಯಿಂದ ಮೊದಲನೆಯದು ಕಪ್ಪು, ಆಮೇಲೆ ನೀಲಿ, ಆಮೇಲೆ ಕಂದು. ಬೆಳಿಗ್ಗೆ ಬಿಸಿಲು ಬಾಗಿಲಿಗೆ ಬಂದಾಗ ಹತ್ತು ಸೂಜಿಗೆ ದಾರ ಪೋಣಿಸಿ, ದಿನವಿಡೀ ಅದರಲ್ಲೇ ಕಾಲ ಹಾಕುತ್ತಿದ್ದೆ. ಒಂದು ಸಲ ಕಸ ಚೆಲ್ಲಲು ಬೀದಿಗೆ ಹೋದಾಗ ಬುಟ್ಟಿಯಲ್ಲಿ ಬಿಚ್ಚಿ ಹಾಕಿದ ನೀಲಿ ದಾರದ ತುಂಡುಗಳಿದ್ದವು. ಹಿಂದಿನ ದಿನ ನಾನು ಹೊಲಿದದ್ದು ಕಪ್ಪು ಪ್ಯಾಂಟು. ಮಗಳು ಸದ್ದಿಲ್ಲದೆ ಬಿಚ್ಚಿ ಮತ್ತೆ ಹೊಲಿದಿದ್ದಳು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಲಿಗೆ ಯಂತ್ರ ಯಾರು ಬೇಕಾದರೂ ತುಳಿಯಬಹುದು. ಕತ್ತರಿ ಕೈಬಿಟ್ಟ ದಿನ ದರ್ಜಿ ಮುಗಿದ.

ಶನಿವಾರ ಅಂಗಡಿ ಗುಡಿಸುತ್ತಾ ಅವಳೇ ಅಂದಳು, "ನಾಳೆ ಆಟದಲ್ಲಿ ತೀರ್ಮಾನ ಮಾಡೋಣ. ನಮ್ಮಿಬ್ಬರಲ್ಲಿ ಯಾರ ಮುಂದೆ ಗುಂಡಿ ಜಾಸ್ತಿ ಇರ್ತವೋ ಕತ್ತರಿ ಅವರದು."

"ಸೋತು ಆಮೇಲೆ ಮೂತಿ ಊದಿಸ್ಕೋಬಾರ್ದು."

"ನಾನೆಲ್ಲಿ ಊದಿಸ್ಕೋತೀನಿ? ಅದು ನಿನ್ನ ಇಲಾಖೆ."

ನಮ್ಮದು ದುಡ್ಡಿನ ಆಟವಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಸೇರಿ ಪೋಕರ್ ಆಡುತ್ತೇವೆ, ಪಣಕ್ಕೆ ಅಂಗಿಯ ಗುಂಡಿಗಳು. ತಲೆಗೆ ಐವತ್ತು. ಆಟ ಸುಲಭ. ಐದೈದು ಎಲೆ ಹಂಚುವುದು, ಬೇಡವಾದ್ದನ್ನು ಒಂದು ಸಲ ಬದಲಾಯಿಸಿಕೊಳ್ಳುವುದು, ಆಮೇಲೆ ಗುಂಡಿ ಒಡ್ಡುವುದು. ಒಡ್ಡಿದಷ್ಟಕ್ಕೆ ಸಮ ಹಾಕಲು ಧೈರ್ಯವಿಲ್ಲದವರು ಎಲೆ ಬಿಸಾಕುತ್ತಾರೆ. ಎಲ್ಲರೂ ಬಿಸಾಕಿದರೆ ಉಳಿದವನು ಗೆದ್ದ, ಅವನು ತನ್ನ ಎಲೆ ತೋರಿಸಬೇಕಾಗಿಲ್ಲ. ಮುಂಚೆ ನಾವು ರಮ್ಮಿ ಆಡುತ್ತಿದ್ದೆವು. ಅದರಲ್ಲಿ ಎಲೆ ಗೆಲ್ಲುತ್ತದೆ. ಇದರಲ್ಲಿ ಕೈಯಲ್ಲಿ ಏನೂ ಇಲ್ಲದೆ ಮುಖದ ಬಲದಿಂದಲೇ ಗೆಲ್ಲಬಹುದು. ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ, ಒಂದು ಸಲವೂ ನನಗೆ ಹಾಗೆ ಗೆಲ್ಲಲಾಗಿರಲಿಲ್ಲ. ಹೀಗೆ ಸುಳ್ಳು ಎಲೆ ಹಿಡಿದಾಗೆಲ್ಲ ಸಿಕ್ಕಿಬಿದ್ದೆ. ಬಸ್ಸು ಓಡಿಸುವ ನನ್ನ ಗೆಳೆಯ ಡ್ರೈವರ್ ನನಗೆ ಇಟ್ಟ ಹೆಸರು ಗಾಜಿನ ಬೀರು. ಒಳಗಿರುವುದೆಲ್ಲ ಹೊರಗೇ ಕಾಣುತ್ತದಂತೆ.

ಡ್ರೈವರನೂ ಅಂಥ ಘನಂದಾರಿಯಲ್ಲ. ಸುಳ್ಳು ಎಲೆ ಹಿಡಿದು ಗುಂಡಿ ಒಡ್ಡುವಾಗ ಅವನ ಬಲಗಾಲು ನೆಲವನ್ನು ಒತ್ತುತ್ತದೆ, ಎದುರಿಗೆ ಲಾರಿ ಬಂದ ಹಾಗೆ. ಅದಕ್ಕೇ ಮಗಳು ಅವನನ್ನು ಬ್ರೇಕ್ ಮಾವ ಅನ್ನುವುದು. ನಾಲ್ಕನೆಯವರು ನಿವೃತ್ತ ಪೋಸ್ಟ್‌ಮ್ಯಾನ್, ನಮಗೆಲ್ಲ ಹಿರಿಯರು. ಒಳ್ಳೆಯ ಎಲೆ ಬಂದರೆ ಹೆಬ್ಬೆರಳು ನೆಕ್ಕುತ್ತಾರೆ. ಮಗಳ ಮುಖದಲ್ಲಿ ಮಾತ್ರ ಏನೂ ಸಿಗುವುದಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಅದು, ಒಂದು ಸುಕ್ಕಿಲ್ಲ.

ಆ ಭಾನುವಾರ ಕೋಣೆಯ ಬಲ್ಬು ಸುಟ್ಟುಹೋಗಿತ್ತು. ಮೇಲಿನ ಸಣ್ಣ ಕಿಟಕಿಯ ಬೆಳಕಷ್ಟೇ.

"ಮೇಣದಬತ್ತಿ ಹಚ್ಚೋಣ್ವಾ?" ಅಂದರು ಪೋಸ್ಟ್‌ಮ್ಯಾನ್.

"ಬೇಡ, ಸಾಕು ಬೆಳಕು" ಅಂದುಬಿಟ್ಟೆ. ಬೇಕು ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದರೇನೋ ಅನ್ನೋ ಅಳುಕು.

ಮೊದಲ ಒಂದು ಗಂಟೆ ನನ್ನ ಗುಂಡಿಗಳು ನೀರಿನಂತೆ ಹರಿದುಹೋದವು. ಹದಿನೆಂಟಕ್ಕೆ ಇಳಿದಾಗ ಕತ್ತರಿ ಕೈಬಿಟ್ಟಿತು ಅಂದುಕೊಂಡೆ. ಆಮೇಲೆ ಮೂರು ಎಕ್ಕ ಬಂದವು, ಡ್ರೈವರನ ಗುಂಡಿಗಳು ರಾಶಿಯಾಗಿ ನನ್ನ ಕಡೆ ಉರುಳಿದವು. ಆಗ ನಾನು ಮುದುಕನೇ ಅಲ್ಲ. ಎದೆ ಅಳೆಯಲು ಟೇಪು ಸಾಲದು ಅನ್ನಿ. ಅದೇ ಸೊಕ್ಕಿನಲ್ಲಿ ಒಂದು ಸುಳ್ಳು ಎಲೆ ಹಿಡಿದು ಹತ್ತು ಗುಂಡಿ ಒಡ್ಡಿದೆ.

"ಬೀರು ಖಾಲಿ ಇದೆ ಕಣಮ್ಮ" ಅಂದ ಡ್ರೈವರ್.

"ಕಾಣ್ತಾ ಇದೆ ಮಾವ" ಅಂದಳು ಮಗಳು. ಹತ್ತೂ ಹೋಯಿತು.

ಐದು ಗಂಟೆಗೆ ಡ್ರೈವರ್ ಡ್ಯೂಟಿಗೆ ಹೊರಡಬೇಕು. ಇನ್ನು ಎರಡೇ ಆಟ ಅಂತಾಯಿತು. ಮಗಳ ಮುಂದೆ ಅರವತ್ತೆರಡು ಗುಂಡಿ, ನನ್ನ ಮುಂದೆ ನಲವತ್ತನಾಲ್ಕು.

ಎಲೆ ಹಂಚಿದವನು ಡ್ರೈವರ್. ಒಂದೊಂದನ್ನೇ ಎತ್ತಿ ಮೂಗಿನ ಹತ್ತಿರ ತಂದೆ. ಇಸ್ಪೇಟು. ಇಸ್ಪೇಟು. ಕೆಂಪು. ಇಸ್ಪೇಟು. ಇಸ್ಪೇಟು. ಕೆಂಪನ್ನು ಕೊಟ್ಟು ಒಂದೇ ಒಂದು ಎಲೆ ಕೇಳಿದೆ. ಐದೂ ಒಂದೇ ಜಾತಿ ಆಗಿಬಿಟ್ಟರೆ ಅದನ್ನು ಹೊಡೆಯುವ ಕೈ ಆ ಕೋಣೆಯಲ್ಲಿ ಇರುವುದು ಕಷ್ಟ. ಮೇಜಿನ ಮೇಲೆ ಜಾರಿ ಬಂದ ಎಲೆಯ ಮೂಲೆ ಎತ್ತಿದೆ. ಕಪ್ಪು. ದುಂಡಗೆ, ಕೆಳಗೊಂದು ಕಾಲು. ಇಸ್ಪೇಟು.

ಎದೆ ಬಡಿಯುವುದು ಅಂಗಿಯ ಮೇಲೆ ಕಾಣುತ್ತಿದೆಯೇನೋ ಅಂತ ಮುಂದಕ್ಕೆ ಬಾಗಿ ಕೂತೆ. ಹತ್ತು ಗುಂಡಿ ಒಡ್ಡಿದೆ. ಪೋಸ್ಟ್‌ಮ್ಯಾನ್ ಬಿಸಾಕಿದರು, ಡ್ರೈವರ್ ಬಿಸಾಕಿದ. ಮಗಳು ಎರಡು ಎಲೆ ಬದಲಾಯಿಸಿದ್ದಳು, ಅಂದರೆ ಕೈಯಲ್ಲಿ ಒಂದೇ ಥರದ ಮೂರು ಇರಬೇಕು. ಅವಳು ಯೋಚಿಸದೆ ಇಪ್ಪತ್ತು ಇಟ್ಟಳು.

ನಾನು ಮುಂಗೈಯಿಂದ ಉಳಿದ ಗುಂಡಿಗಳಷ್ಟನ್ನೂ ಮುಂದಕ್ಕೆ ತಳ್ಳಿದೆ.

ಒಂದೆರಡು ಗುಂಡಿ ಉರುಳಿ ಕೆಳಗೆ ಬಿದ್ದವು. ಯಾರೂ ಎತ್ತಲಿಲ್ಲ. ಮಗಳು ಎಲೆ ನೋಡಲಿಲ್ಲ, ಗುಂಡಿ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡಿದಳು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು, ಅದು ತಿರುವು ದಾಟುವವರೆಗೂ ಕೇಳಿಸಿತು.

"ಇನ್ನೊಂದು ಆಟ ಇದೆಯಲ್ಲ" ಅಂದಳು ಕೊನೆಗೆ. "ಇದು ನಿನಗೇ ಇರಲಿ." ಎಲೆಗಳನ್ನು ಮಗುಚಿ ಹಾಕಿದಳು. ಮೂರು ರಾಣಿ.

"ಮೂರು ರಾಣಿ ಬಿಸಾಕಿದ್ಯಾ! ತಲೆ ಕೆಟ್ಟಿದ್ಯಾ ನಿಂಗೆ?" ಡ್ರೈವರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಮಾವ, ಅವರ ತುಟಿ ನೋಡ್ಲಿಲ್ವಾ? ಬಾಯಲ್ಲಿ ಗುಂಡುಸೂಜಿ ಇಟ್ಕೊಂಡ ಹಾಗೆ ಬಿಗಿದಿತ್ತು. ಅಪ್ಪ ಬಾಯಿಗೆ ಸೂಜಿ ಇಟ್ಕೊಳ್ಳೋದು ಅಳತೆ ಪಕ್ಕಾ ಆದ ಮೇಲೇನೆ. ಎಲೆ ಇಲ್ದೆ ಆ ತುಟಿ ಬರಲ್ಲ."

ಇಪ್ಪತ್ತು ವರ್ಷ ನಾನು ಯಾಕೆ ಸೋಲುತ್ತಿದ್ದೆ ಅನ್ನುವುದು ಅವತ್ತು ಗೊತ್ತಾಯಿತು. ಆದರೂ ಖುಷಿ. ಅರವತ್ತನಾಲ್ಕು ಗುಂಡಿ ನನ್ನ ಮುಂದೆ. ಮುಂದಿನ ಹಂಚು ನನ್ನದು, ಎಲೆ ಒಟ್ಟುಮಾಡಿಕೊಂಡೆ. ಅಷ್ಟರಲ್ಲಿ ಡ್ರೈವರ್ ಗಡಿಯಾರ ನೋಡಲು ಕೋಣೆಗೂ ಅಂಗಡಿಗೂ ನಡುವಿನ ಪರದೆ ಸರಿಸಿದ. ಬೀದಿಯ ಬಿಸಿಲು ನೇರ ನನ್ನ ಕೈಮೇಲೆ ಬಿತ್ತು. ನನ್ನ ಐದು ಎಲೆ ಇನ್ನೂ ಎಡಗೈಯಲ್ಲೇ ಇದ್ದವು.

ಐದನೆಯದಕ್ಕೆ ಮೂರು ದುಂಡು ತಲೆ. ಕ್ಲಾವರ್.

ಮತ್ತೆ ನೋಡಿದೆ. ಕ್ಲಾವರೇ. ನಾಲ್ಕು ಇಸ್ಪೇಟು, ಒಂದು ಕ್ಲಾವರ್. ಯಾವುದಕ್ಕೂ ಜೋಡಿಯೂ ಇಲ್ಲ. ಮೂರು ರಾಣಿಯರ ಮುಂದೆ ನನ್ನ ಕೈಯಲ್ಲಿದ್ದದ್ದು ಕಸ. ಪರದೆ ಮತ್ತೆ ಬಿತ್ತು. ಐದನ್ನೂ ಕಟ್ಟಿನೊಳಗೆ ತುರುಕಿ ಕಲೆಸತೊಡಗಿದೆ.

"ಸಾಕು ಬಿಡಯ್ಯ, ಎಲೆ ಸವೀತವೆ" ಅಂದ ಡ್ರೈವರ್.

ಕೊನೆಯ ಆಟದಲ್ಲಿ ನಾನು ಎಲೆ ಎತ್ತಿಯೂ ನೋಡದೆ ಬಿಸಾಕಿದೆ. ಮಗಳಿಗೆ ಒಂದಷ್ಟು ಗುಂಡಿ ಬಂದವು, ಆದರೂ ಸಾಲಲಿಲ್ಲ. ಅವಳು ಮೂತಿ ಊದಿಸಿಕೊಳ್ಳಲಿಲ್ಲ. ಗುಂಡಿಗಳನ್ನು ಡಬ್ಬಕ್ಕೆ ತುಂಬಿ, "ಬೆಳಿಗ್ಗೆ ಎಂಟಕ್ಕೆ ಕತ್ತರಿಸೋಣ ಅಪ್ಪ, ಬಿಸಿಲು ಚೆನ್ನಾಗಿರುತ್ತೆ" ಅಂದಳು.

ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವಳು ಬಟ್ಟೆ ಬಿಚ್ಚಿ ಹಾಸಿದ್ದಳು. ಕತ್ತರಿಯ ಹಿಡಿಯನ್ನು ನನ್ನ ಕಡೆಗೆ ಮಾಡಿ ಇಟ್ಟು, ಆ ಬದಿಯಲ್ಲಿ ಬಟ್ಟೆಯ ಅಂಚು ಹಿಡಿದು ನಿಂತಳು. ಅಂಗೈ ಆಡಿಸಿ ಉಣ್ಣೆಯ ನವಿರು ಕೂದಲು ಯಾವ ಕಡೆಗೆ ಮಲಗಿದೆ ಅಂತ ನೋಡಿದೆ. ಅದರಲ್ಲಿ ನನ್ನ ಕೈ ಮೋಸ ಮಾಡುವುದಿಲ್ಲ. ನಮೂನೆ ಕಾಗದಗಳನ್ನಿಟ್ಟೆ, ಬೆನ್ನು, ಎದೆ, ತೋಳು. ಬಾಯಿಗೆ ನಾಲ್ಕು ಗುಂಡುಸೂಜಿ ಇಟ್ಟುಕೊಂಡೆ. ಸೀಮೆಸುಣ್ಣದ ಗೆರೆ ಎಳೆದೆ. ಕತ್ತರಿ ತೆಗೆದುಕೊಂಡೆ. ಅವಳ ಬೆರಳುಗಳು ಅಂಚಿನ ಮೇಲೆ ಬೆಳ್ಳಗಾಗುವಷ್ಟು ಒತ್ತಿದ್ದವು. ಒಂದು ಮಾತೂ ಆಡಲಿಲ್ಲ. ಸೋತಿದ್ದಳಲ್ಲ, ಆಡುವ ಹಾಗಿರಲಿಲ್ಲ.

ಕತ್ತರಿಯ ಬಾಯಿ ಬಟ್ಟೆಯ ಅಂಚನ್ನು ಕಚ್ಚಿತು. ಇನ್ನು ಬೆರಳು ಒತ್ತುವುದಷ್ಟೇ ಬಾಕಿ.

ಮೇಡಂ ಬಟ್ಟೆಯ ಮೇಲಿಂದ ಕೈ ತೆಗೆಯದೆ ನಿಂತದ್ದು ನೆನಪಾಯಿತು. ಬಾಯಿಂದ ಸೂಜಿ ತೆಗೆದೆ.

"ನಿನ್ನೆ ನನ್ನ ಹತ್ರ ಎಲೆ ಇರಲಿಲ್ಲ ಮಗಳೇ."

"ಯಾವಾಗ?"

"ನೀನು ರಾಣಿಗಳನ್ನ ಬಿಸಾಕಿದಾಗ. ನಾಲ್ಕು ಇಸ್ಪೇಟು, ಒಂದು ಕ್ಲಾವರ್. ಬರೀ ಕಸ. ನಿನ್ನ ಏಮಾರಿಸಿದೆ."

ಅವಳು ನನ್ನ ತುಟಿ ನೋಡಿದಳು. ಆಮೇಲೆ ಮೆಲ್ಲಗೆ ತಲೆಯಾಡಿಸಿದಳು.

"ಇಲ್ಲಪ್ಪ. ನಿನಗೆ ಅದು ಬರಲ್ಲ. ಐದೂ ಇಸ್ಪೇಟು ಅಂತಲೇ ಅಂದ್ಕೊಂಡಿದ್ದೆ ನೀನು. ಹೌದೋ ಅಲ್ವೋ?"

ನಾನು ಕತ್ತರಿಯನ್ನು ಬಟ್ಟೆಯಿಂದ ಬಿಡಿಸಿ ಮೇಜಿನ ಮೇಲಿಟ್ಟೆ.

ಅವಳು ಅಂಚು ಬಿಟ್ಟು ಈ ಕಡೆ ಬಂದಳು. ನನ್ನ ತೋರುಬೆರಳು ಹಿಡಿದು ಬಟ್ಟೆಯ ಮೇಲಿಂದ ಕೆಳಕ್ಕೆ ಎಳೆದಳು, ಇಂಚು ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ.

"ಇಲ್ಲೊಂದು ಗೀಟು. ಇಲ್ಲೊಂದು. ಉದ್ದಕ್ಕೂ ಇದೆ, ಬೂದು ಬಣ್ಣದ್ದು, ಕೂದಲೆಳೆಯಷ್ಟು. ನೀನು ಪುಸ್ತಕದಲ್ಲಿ ಸಾದಾ ಅಂತ ಬರೆದೆ."

ನಾಲ್ಕು ದಿನ ಆ ಬಟ್ಟೆ ನನ್ನ ಮೇಜಿನ ಮೇಲಿತ್ತು. ನಾನಿಟ್ಟ ಕಾಗದಗಳಲ್ಲಿ ಎಡ ಎದೆಯ ಗೀಟು ಒಂದು ಕಡೆ, ಬಲ ಎದೆಯದು ಇನ್ನೊಂದು ಕಡೆ. ಹಾಗೇ ಕತ್ತರಿಸಿದ್ದರೆ ಮದುಮಗ ಜನ್ಮವಿಡೀ ವಾರೆಯಾಗಿ ನಿಂತ ಹಾಗೆ ಕಾಣುತ್ತಿದ್ದ.

"ನಾನು ಒತ್ತಿಬಿಟ್ಟಿದ್ರೆ?" ಅಂದೆ.

"ಕಿರುಚ್ತಿದ್ದೆ" ಅಂದಳು. "ಆಟ ಸೋತಿದ್ರೂ ಕಿರುಚ್ತಿದ್ದೆ. ಬಾಯಿವರೆಗೆ ಬಂದಿತ್ತು."

ಕತ್ತರಿಯನ್ನು ತಿರುಗಿಸಿ ಹಿಡಿ ಅವಳ ಕಡೆಗೆ ಮಾಡಿದೆ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ಮೊದಲು ನನ್ನ ಗೆರೆಗಳನ್ನು ಬ್ರಷ್ಷಿನಿಂದ ಅಳಿಸಿ, ಕಾಗದಗಳನ್ನು ಒಂದೊಂದಾಗಿ ಸರಿಸಿ, ಗೀಟಿಗೆ ಗೀಟು ಕೂಡಿಸಿದಳು. ತೋಳಿನ ಕಾಗದವನ್ನು ಅವಳು ಓರೆಯಾಗಿ ಇಟ್ಟಳು. ನಾನಾಗಿದ್ದರೆ ಹಾಗೆ ಇಡುತ್ತಿರಲಿಲ್ಲ. ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ.

"ಉಣ್ಣೆ ಯಾವ ಕಡೆಗೆ ಮಲಗಿದೆ?" ಅಂತ ಕೇಳಿದಳು. ಅವಳಿಗೆ ಗೊತ್ತಿತ್ತು ಅನ್ನುವುದು ನನಗೂ ಗೊತ್ತಿತ್ತು. ಆದರೂ ಅಂಗೈ ಆಡಿಸಿ ನೋಡಿ ಹೇಳಿದೆ, "ಬಾಗಿಲ ಕಡೆಗೆ."

"ಹಾಗಾದ್ರೆ ಸರಿ."

ನಾಲ್ಕು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಇಟ್ಟುಕೊಂಡಳು. ನಾನು ಆ ಬದಿಗೆ ಹೋಗಿ ಬಟ್ಟೆಯ ಅಂಚು ಹಿಡಿದು ನಿಂತೆ. ಅವಳ ತುಟಿ ಬಿಗಿಯಾಯಿತು. ಕತ್ತರಿ ಮೇಜಿನ ಹಲಗೆಗೆ ತಾಗಿಕೊಂಡು, ಎಲ್ಲೂ ತಡೆಯದೆ, ನನ್ನ ಕಡೆಗೆ ಬರುವ ಸದ್ದು ಕೇಳಿಸಿತು.