ದಾರಕ್ಕೆ ಸಮ

ಒಲೆಯ ಬೂದಿ ಇನ್ನೂ ಅರ್ಧ ಬಳಿದಿರಲಿಲ್ಲ, ನಡುಮನೆಯಿಂದ ಗಂಡ ಕರೆದ. "ಉಮಾ, ಒಂದ್ಸಲ ಬಂದು ನೋಡಿ ಹೋಗೇ."

ಉಮಾಮಹೇಶ್ವರಿ ಬೂದಿಯ ಮೊರ ಹಿಡಿದೇ ಬಂದಳು. ಷಣ್ಮುಖಪ್ಪ ತಲೆಯಿಂದ ಪಾದದವರೆಗೆ ಸಿಮೆಂಟಾಗಿ ನಿಂತಿದ್ದ. ಕಾರ್ಖಾನೆಯಲ್ಲಿ ಗುಮಾಸ್ತ. ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕೆಂದರೂ ಪಕ್ಕದವರನ್ನು ಕರೆಯಬೇಕಿತ್ತು. "ಕೈಲಾಗದವನು" ಎಂದು ಅವನ ತಾಯಿ ಕಾಶಮ್ಮ ಜನ್ನಾಪುರಕ್ಕೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಅದಕ್ಕೇ ಪರ್ಮಿಟ್ಟಿನಲ್ಲಿ ಎರಡು ಮೂಟೆ ಸಿಮೆಂಟು ತಂದು, ಈ ಭಾನುವಾರ ಬೆಳಕು ಹರಿಯುತ್ತಲೇ ನಡುಮನೆಯ ಗೋಡೆಗೆ ಗಾರೆ ಮಾಡಲು ಕರಣೆ ಹಿಡಿದಿದ್ದ.

"ಮೇಸ್ತ್ರಿ ಮೆಹಬೂಬ್ ಸಾಬ್ರು ಏನಂದ್ರು ಗೊತ್ತಾ? ಈ ತುದಿಯಿಂದ ಆ ತುದಿಗೆ ದಾರ ಕಟ್ಟಿ, ದಾರಕ್ಕೆ ಸಮ ಬರೋವರೆಗೂ ಮೆತ್ತಿ ಅಂದ್ರು. ಮೆತ್ತಿದೀನಿ. ಎಲ್ಲೂ ಒಂದು ಕೂದಲೆಳೆ ತಗ್ಗಿಲ್ಲ."

ನಿಜಕ್ಕೂ ಇರಲಿಲ್ಲ. ಕಿಟಕಿ ಪಕ್ಕದ ಗೂಡೂ ಇರಲಿಲ್ಲ. ಅದರ ತಗಡಿನ ಬಾಗಿಲು ವರ್ಷವರ್ಷವೂ ಸುಣ್ಣ ಬಳಿಸಿಕೊಂಡು ಗೋಡೆಯ ಬಣ್ಣವೇ ಆಗಿಹೋಗಿತ್ತು; ಗಂಡ ಅದರ ಮೇಲೂ ಮೆತ್ತಿಬಿಟ್ಟಿದ್ದ. ಒಳಗೆ ಅತ್ತೆಯ ವಿಭೂತಿ ಗಟ್ಟಿ. ಅತ್ತೆ ಬಚ್ಚಲಲ್ಲಿದ್ದರು. ಸ್ನಾನವಾದ ಮೇಲೆ ಹಣೆಗೆ ವಿಭೂತಿ ಬೀಳದೆ ಗುಟುಕು ಕಾಫಿಯನ್ನೂ ಮುಟ್ಟುವವರಲ್ಲ.

ಬಾಗಿಲಲ್ಲಿ ನಿಂತ ಆರು ವರ್ಷದ ವೇದಾ ಗೋಡೆ ನೋಡಿ ಬಾಯಿ ತೆರೆದಳು. ಉಮಾ ಮಗಳತ್ತ ಕಣ್ಣು ಬಿಟ್ಟಳು. ಬಾಯಿ ಮುಚ್ಚಿತು.

"ಹೆಂಗಿದೆ, ಹೇಳೇ ಮಾರಾಯ್ತಿ" ಎಂದ ಷಣ್ಮುಖಪ್ಪ. ಮದುವೆಯ ದಿನವೂ ಅವನ ಮುಖ ಇಷ್ಟು ಅರಳಿರಲಿಲ್ಲ.

"ಕನ್ನಡಿ ಇದ್ದಂಗಿದೆ ಕಣ್ರೀ" ಎಂದವಳೇ ಅಡುಗೆಮನೆಗೆ ಓಡಿ, ಮೊರದ ಬೂದಿಯನ್ನು ಹಳೇ ಪಂಚೆಯಲ್ಲಿ ಸೋಸಿ ತಟ್ಟೆಗೆ ಹಾಕಿದಳು. "ಇದೂ ಬೂದಿನೇ ತಾನೇ, ಶಿವನೇ. ಹೊಟ್ಟೆಗೆ ಹಾಕ್ಕೋ."

ಕಾಶಮ್ಮ ಒದ್ದೆ ಕೂದಲಲ್ಲಿ ಬಂದು, ಸೊಸೆ ಚಾಚಿದ ತಟ್ಟೆಗೆ ಬೆರಳು ಅದ್ದಿ ಹಣೆಗೆ ಎಳೆದುಕೊಂಡರು. ಕಣ್ಣೆಲ್ಲ ಗೋಡೆಯ ಮೇಲೇ ಇತ್ತು. ಹುಬ್ಬಿನ ಮೇಲೆ ಚೂರು ಇದ್ದಿಲು ಉಳಿಯಿತು.

"ಮುಟ್ಟಬೇಡವ್ವಾ, ಹಸಿ."

"ಮುಟ್ಟಲ್ಲ ಕಣೋ." ಅವರು ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿದರು. "ಪರವಾಗಿಲ್ಲ. ನಿನ್ನ ಕೈಯಲ್ಲೂ ಏನೋ ಇದೆ."

ಷಣ್ಮುಖಪ್ಪ ಸಿಮೆಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡ. ಉಮಾ ಉಸಿರು ಬಿಟ್ಟಳು. ಬಿಡುತ್ತಾ, ಮಗಳತ್ತ ನೋಡುವುದನ್ನು ಮರೆತಳು.

"ಅಪ್ಪಾ," ಎಂದಳು ವೇದಾ, "ಅಜ್ಜಿ ಗೂಡಿನ ಬಾಗಿಲನ್ನ ಇನ್ಮೇಲೆ ಯಾವ ಕಡೆಯಿಂದ ತೆಗೀಬೇಕು?"